ಮನೆ ನಮ್ಮದು, ಕೀಲಿಕೈ ಯಾರದು?



ಹೊಸ ಫೋನು ಕೊಳ್ಳಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕ್ಯಾಮೆರಾ ಹೇಗಿದೆ, ಬೆಲೆಯಲ್ಲಿ ಎಷ್ಟು ಬಿಡುತ್ತೀರಿ. ಆ ಫೋನನ್ನು ಒಳಗಿನಿಂದ ನಡೆಸುವ ಯಜಮಾನ ಯಾರು ಎಂದು ಕೇಳುವವರು ತೀರ ಅಪರೂಪ. ಆದರೆ ನಿಮ್ಮ ಫೋನಿನಲ್ಲಿ ಕನ್ನಡ ಅಕ್ಷರ ಮೂಡಬೇಕೋ ಬೇಡವೋ, ನಾಲ್ಕು ವರ್ಷದ ಬಳಿಕ ಅದು ಕೆಲಸಕ್ಕೆ ಬರಬೇಕೋ ಮೂಲೆ ಸೇರಬೇಕೋ, ಯಾವ ಆ್ಯಪನ್ನು ಯಾರಿಂದ ತರಬಹುದು, ಇವನ್ನೆಲ್ಲ ತೀರ್ಮಾನಿಸುವವನು ಆ ಯಜಮಾನನೇ. ಅವನ ಹೆಸರು ಆಪರೇಟಿಂಗ್ ಸಿಸ್ಟಂ. ಚೀನಾವನ್ನು ಬಿಟ್ಟರೆ ಇಂದು ಜಗತ್ತಿನ ಹೆಚ್ಚುಕಡಿಮೆ ಎಲ್ಲ ಸ್ಮಾರ್ಟ್‌ಫೋನುಗಳನ್ನು ಆಳುತ್ತಿರುವವರು ಇಬ್ಬರು. ಒಂದು ಗೂಗಲ್ ಸಂಸ್ಥೆಯ ಆಂಡ್ರಾಯ್ಡ್, ಇನ್ನೊಂದು ಆಪಲ್ ಸಂಸ್ಥೆಯ ಐಓಎಸ್. ಮೊದಲನೆಯದು ತೆರೆದದ್ದು, ಎರಡನೆಯದು ಮುಚ್ಚಿದ್ದು ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಈ ಮಾತು ಎಷ್ಟರ ಮಟ್ಟಿಗೆ ನಿಜ, ಗಡಿಯಾಚೆ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಅದರಿಂದ ಆದದ್ದೇನು ಎಂಬುದನ್ನು ಇತಿಹಾಸದ ಜಾಡು ಹಿಡಿದು ನೋಡೋಣ.

ತೆರೆದದ್ದು, ಮುಚ್ಚಿದ್ದು ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅಂಗಡಿಯಿಂದ ಸಾರಿನ ಪುಡಿಯ ಪೊಟ್ಟಣ ತಂದರೆ ಸಾರು ಮಾಡಬಹುದು. ಆದರೆ ಅದರಲ್ಲಿ ಕೊತ್ತಂಬರಿ ಎಷ್ಟು, ಮೆಂತ್ಯ ಎಷ್ಟು, ಹುರಿದದ್ದು ಯಾವುದು, ಹಸಿಯದು ಯಾವುದು ಎಂಬುದು ಪುಡಿ ಮಾಡಿದವನಿಗೇ ಗೊತ್ತು. ಖಾರ ಹೆಚ್ಚಾಯಿತೆಂದು ನೀವು ಗೊಣಗಬಹುದು, ತಿದ್ದುವ ಹಾಗಿಲ್ಲ. ಪೊಟ್ಟಣದ ಜೊತೆಗೆ ಅಳತೆಯ ಚೀಟಿಯನ್ನೂ ಕೊಟ್ಟು, ‘ನಿಮಗೆ ಬೇಕಾದಂತೆ ಬದಲಾಯಿಸಿಕೊಳ್ಳಿ, ಬೇಕಾದರೆ ನೀವೂ ಮಾಡಿ ಮಾರಿ’ ಎಂದರೆ ಅದು ತೆರೆದ ಪುಡಿ. ತಂತ್ರಾಂಶದಲ್ಲಿ ಈ ಅಳತೆಯ ಚೀಟಿಗೆ ಸೋರ್ಸ್ ಕೋಡ್ ಎನ್ನುತ್ತಾರೆ. ಆಪಲ್ ತನ್ನ ಚೀಟಿಯನ್ನು ತಿಜೋರಿಯಲ್ಲಿಟ್ಟಿದೆ, ಗೂಗಲ್ ಊರಬಾಗಿಲಿಗೆ ಅಂಟಿಸಿದೆ. ಸದ್ಯಕ್ಕೆ ಇಷ್ಟು ಸಾಕು. ಊರಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಎಲ್ಲವನ್ನೂ ಬರೆದಿದೆಯೇ ಎಂಬುದನ್ನು ಮುಂದೆ ನೋಡುವಾ.

ಕತೆ ಈ ಇಬ್ಬರಿಂದ ಆರಂಭವಾದದ್ದಲ್ಲ. 1998ರ ಜೂನ್‌ನಲ್ಲಿ ಬ್ರಿಟನ್ನಿನ ಸಯಾನ್, ಸ್ವೀಡನ್ನಿನ ಎರಿಕ್ಸನ್, ಫಿನ್‌ಲೆಂಡಿನ ನೋಕಿಯಾ, ಅಮೆರಿಕದ ಮೊಟೊರೊಲಾ ಸೇರಿ ಸಿಂಬಿಯನ್ ಎಂಬ ಸಂಸ್ಥೆ ಕಟ್ಟಿದವು. ಕಂಪ್ಯೂಟರುಗಳಲ್ಲಿ ಮೈಕ್ರೋಸಾಫ್ಟ್ ಏಕಚಕ್ರಾಧಿಪತ್ಯ ನಡೆಸುತ್ತಿದ್ದ ಕಾಲ ಅದು. ಫೋನಿನಲ್ಲೂ ಹಾಗಾಗದಿರಲಿ ಎಂಬುದು ಇವರ ಲೆಕ್ಕಾಚಾರ. ಮುಂದಿನ ಹತ್ತು ವರ್ಷ ಸ್ಮಾರ್ಟ್‌ಫೋನುಗಳಲ್ಲಿ ಸಿಂಬಿಯನ್‌ನದೇ ದರ್ಬಾರು. ಆಗ ನೋಕಿಯಾ ಫೋನುಗಳಲ್ಲಿ ಯಾವ ಭಾಷೆಗಳ ಕಟ್ಟು ಇರಬೇಕು ಎಂಬುದು ಮಾರಾಟದ ಪ್ರಾಂತವನ್ನು ನೋಡಿ ಮೊದಲೇ ನಿರ್ಧಾರವಾಗುತ್ತಿತ್ತು. ಗಡಿನಾಡಿನ ಓದುಗರು ಈ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಸೊಲ್ಲಾಪುರದಲ್ಲಿ ಕೊಂಡ ಫೋನಿನಲ್ಲಿ ಮರಾಠಿ ಇರಬಹುದು, ಕನ್ನಡ ಇರಲೇಬೇಕೆಂದೇನೂ ಇಲ್ಲ. ಅಕ್ಕಲಕೋಟೆಯ ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಎಂಬುದು ಫಿನ್‌ಲೆಂಡಿನ ಕಾರಖಾನೆಗೆ ಹೇಗೆ ತಿಳಿಯಬೇಕು? ರಾಜ್ಯಗಳ ಗೆರೆ ಎಳೆದವರಿಗೇ ಸರಿಯಾಗಿ ತಿಳಿದಿರಲಿಲ್ಲವಲ್ಲ!

2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಐಫೋನನ್ನು ಲೋಕಕ್ಕೆ ತೋರಿಸಿದರು. ಜೂನ್ 29ರಂದು ಅದು ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಈಗಿನ ಹುಡುಗರು ನಂಬಲಿಕ್ಕಿಲ್ಲ, ಮೊದಲ ವರ್ಷದ ಐಫೋನಿನಲ್ಲಿ ಹೊರಗಿನವರು ಬರೆದ ಆ್ಯಪ್ ಹಾಕುವ ಅವಕಾಶವೇ ಇರಲಿಲ್ಲ. ಆಪಲ್ ಹಾಕಿ ಕೊಟ್ಟದ್ದನ್ನು ಬಳಸಬೇಕು, ಅಷ್ಟೆ. 2008ರ ಜುಲೈ 10ರಂದು ಸುಮಾರು 500 ಆ್ಯಪ್‌ಗಳೊಂದಿಗೆ ಆಪ್ ಸ್ಟೋರ್ ತೆರೆಯಿತು. ಅಂದಿನಿಂದ ನಿಯಮ ಹೀಗೆ: ಆ್ಯಪ್ ಬರೆದವನು ಮೊದಲು ಆಪಲ್‌ನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಮಾರಿದ ಹಣದಲ್ಲಿ ನೂರಕ್ಕೆ 30 ಪಾಲು ಆಪಲ್‌ಗೆ ಕೊಡಬೇಕು, ಬೇರೆ ಅಂಗಡಿ ಎಂಬುದಿಲ್ಲ. ಸಣ್ಣ ವ್ಯಾಪಾರಿಗಳಿಗೆ ಈ ಪಾಲು 15ಕ್ಕೆ ಇಳಿದದ್ದು 2021ರಲ್ಲಿ. ಇದರಲ್ಲಿ ಒಂದು ವಿಚಿತ್ರವಿದೆ. ಈ ಮುಚ್ಚಿದ ಮನೆಯ ಅಡಿಗಲ್ಲುಗಳೆಲ್ಲ ತೆರೆದ ಬಯಲಿನಿಂದ ತಂದವು. ಐಓಎಸ್‌ನ ತಳದಲ್ಲಿರುವ ಡಾರ್ವಿನ್ ಎಂಬ ಭಾಗ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಾಕ್ ಮತ್ತು ಬರ್ಕ್‌ಲಿ ವಿಶ್ವವಿದ್ಯಾಲಯದ ಯುನಿಕ್ಸ್, ಇವುಗಳ ಸಂತಾನ. ಐಫೋನಿನ ಬ್ರೌಸರಿನ ಎಂಜಿನು ಕೆಡಿಇ ಎಂಬ ಸ್ವಯಂಸೇವಕರ ಬಳಗ ಬರೆದ ತಂತ್ರಾಂಶದಿಂದ ಬೆಳೆದದ್ದು. ಊರ ಕೆರೆಯ ಮಣ್ಣು ತಂದು ಗೋಡೆ ಕಟ್ಟಿ ಬಾಗಿಲಿಗೆ ಬೀಗ ಹಾಕಿದ ಹಾಗೆ. ಕಾನೂನಿನ ದೃಷ್ಟಿಯಲ್ಲಿ ಅದರಲ್ಲಿ ತಪ್ಪೇನೂ ಇಲ್ಲ, ಮಣ್ಣು ಕೊಟ್ಟವರೇ ಅದಕ್ಕೆ ಒಪ್ಪಿಗೆ ಬರೆದುಕೊಟ್ಟಿದ್ದರು.

ಆಂಡ್ರಾಯ್ಡ್ ಹುಟ್ಟಿದ್ದು 2003ರಲ್ಲಿ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಊರಿನಲ್ಲಿ, ಆಂಡಿ ರೂಬಿನ್ ಮತ್ತು ಅವರ ಸಂಗಡಿಗರ ಸಣ್ಣ ಕಂಪನಿಯಾಗಿ. 2005ರಲ್ಲಿ ಗೂಗಲ್ ಅದನ್ನು ಕೊಂಡಿತು. 2007ರ ನವೆಂಬರ್ 5ರಂದು 34 ಸಂಸ್ಥೆಗಳ ಒಕ್ಕೂಟವೊಂದನ್ನು ಗೂಗಲ್ ಘೋಷಿಸಿತು, 2008ರ ಅಕ್ಟೋಬರಿನಲ್ಲಿ ಮೊದಲ ಫೋನೂ ಬಂತು, ಸೋರ್ಸ್ ಕೋಡೂ ಹೊರಬಿತ್ತು. ಇದರ ತಿರುಳು ಲಿನಕ್ಸ್. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ಹೆಲ್ಸಿಂಕಿಯ ವಿದ್ಯಾರ್ಥಿ ಬರೆಯಲಾರಂಭಿಸಿದ್ದು, ಆಮೇಲೆ ಸಾವಿರಾರು ಕೈಗಳು ಸೇರಿ ಬೆಳೆಸಿದ್ದು. ಗೂಗಲ್ ಇದನ್ನು ಧರ್ಮಕ್ಕೆ ಕೊಟ್ಟಿತೆಂದು ಯಾರೂ ಭಾವಿಸಬೇಕಾಗಿಲ್ಲ. ಅದರ ಆದಾಯ ಬರುವುದು ಜಾಹೀರಾತಿನಿಂದ. ಫೋನಿನಲ್ಲಿ ಹುಡುಕುವ ಪೆಟ್ಟಿಗೆ ತನ್ನದಾಗಿದ್ದರೆ ಸಾಕು, ಫೋನು ಯಾರದಾದರೂ ಇರಲಿ. ಛತ್ರವನ್ನು ಉಚಿತವಾಗಿ ಕಟ್ಟಿಸಿ ಛತ್ರದೊಳಗಿನ ಅಂಗಡಿಯನ್ನು ತಾನಿಟ್ಟುಕೊಂಡ ಸಾಹುಕಾರನ ಬುದ್ಧಿ ಇದು. ಆದರೆ ಆ ಛತ್ರದಲ್ಲಿ ಬಡವರೂ ಮಲಗಿದರು ಎಂಬುದನ್ನು ಮರೆಯಬಾರದು. ಐದಾರು ಸಾವಿರಕ್ಕೆ ಸ್ಮಾರ್ಟ್‌ಫೋನು ಸಿಗುವಂತಾದದ್ದು ಆ ಉಚಿತ ತಂತ್ರಾಂಶದಿಂದಲೇ. ಭಾರತದಲ್ಲಿ ಈಗ ನೂರು ಸ್ಮಾರ್ಟ್‌ಫೋನುಗಳಲ್ಲಿ ತೊಂಬತ್ತಕ್ಕೂ ಮೀರಿ ಆಂಡ್ರಾಯ್ಡ್ ಫೋನುಗಳೇ.

ಈ ನಡುವೆ ನೋಕಿಯಾ ಏನು ಮಾಡಿತು? ಬೆಂಕಿ ಬಿದ್ದ ಮೇಲೆ ಬಾವಿ ತೋಡಿತು. 2008ರಲ್ಲಿ ಸಿಂಬಿಯನ್ನನ್ನು ಪೂರ್ತಿ ಕೊಂಡು, 2010ರ ಫೆಬ್ರವರಿಯಲ್ಲಿ ಅದರ ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆಯಿತು. ವರ್ಷ ತಿರುಗುವುದರೊಳಗೆ ಮತ್ತೆ ಬಾಗಿಲು ಎಳೆದುಕೊಂಡಿತು. 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನಿಗೆ ಕೈ ಜೋಡಿಸಿತು. ಯಾರ ಭಯದಿಂದ 1998ರಲ್ಲಿ ಸಿಂಬಿಯನ್ ಕಟ್ಟಿದ್ದರೋ ಅವರ ಮನೆಗೇ ಹೋದಂತಾಯಿತು. ಬಾಗಿಲು ತೆರೆದಿಟ್ಟರಷ್ಟೇ ಸಾಲದು, ಒಳಗೆ ಬರುವವರು ಇರಬೇಕು. ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ 2006ರಿಂದ ಸಾವಿರಾರು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿದ್ದ ನೋಕಿಯಾ ಕಾರಖಾನೆ 2014ರ ನವೆಂಬರಿನಲ್ಲಿ ಮುಚ್ಚಿತು. ತೆರಿಗೆಯ ವ್ಯಾಜ್ಯವೂ ಅದಕ್ಕೆ ಸೇರಿಕೊಂಡಿತ್ತು.

ಇನ್ನು ಕನ್ನಡದ ಮಾತು. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೇ ಇಲ್ಲಿಂದ.

ಕಂಪ್ಯೂಟರಿಗೆ ಅಕ್ಷರಗಳೆಂದರೆ ಅಂಕೆಗಳು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಅಂಕೆ ಗೊತ್ತುಮಾಡುವ ಯುನಿಕೋಡ್ ಎಂಬ ಪಟ್ಟಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೆ ಅಂಕೆ ಸಿಕ್ಕ ಮಾತ್ರಕ್ಕೆ ಅಕ್ಷರ ಕಾಣುವುದಿಲ್ಲ. ‘ಸ್ತ್ರೀ’ ಎಂಬ ಒಂದು ಅಕ್ಷರವನ್ನೇ ತೆಗೆದುಕೊಳ್ಳಿ. ಯುನಿಕೋಡಿನ ಲೆಕ್ಕದಲ್ಲಿ ಅದು ಆರು ಅಂಕೆಗಳ ಸಾಲು: ಸಕಾರ, ಹಲಂತದ ಚಿಹ್ನೆ, ತಕಾರ, ಮತ್ತೊಂದು ಹಲಂತ, ರಕಾರ, ಕಡೆಗೆ ಈಕಾರದ ಗುರುತು. ಈ ಆರನ್ನೂ ಓದಿ, ತಕಾರವನ್ನೂ ರಕಾರವನ್ನೂ ಒತ್ತಾಗಿ ಕೆಳಗೆ ಕೂರಿಸಿ, ಗುಣಿತವನ್ನು ಸಕಾರಕ್ಕೆ ಜೋಡಿಸಿ ಒಂದೇ ರೂಪ ಮಾಡಬೇಕು. ಮೊಳೆ ಜೋಡಿಸುವ ಮುದ್ರಣಾಲಯದಲ್ಲಿ ಕಂಪೋಸಿಟರ್ ಕೈಯಿಂದ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ತಂತ್ರಾಂಶವೇ ಮಾಡಬೇಕು. ಇಂಗ್ಲಿಷಿಗೆ ಈ ತಾಪತ್ರಯವಿಲ್ಲವಾದ್ದರಿಂದ ಫೋನು ಮಾಡುವವರಿಗೆ ಇದು ಬಹುಕಾಲ ತಲೆಗೆ ಹೊಳೆಯಲೇ ಇಲ್ಲ.

ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಪುಟ ತೆರೆದರೆ ಕಾಣುತ್ತಿದ್ದದ್ದು ಸಾಲುಸಾಲು ಖಾಲಿ ಚೌಕಗಳು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಆಗ ಒಪೆರಾ ಮಿನಿ ಎಂಬ ಬ್ರೌಸರಿನ ಒಂದು ಗುಟ್ಟು ಬಾಯಿಂದ ಬಾಯಿಗೆ ಹರಡಿತ್ತು. ಅದರ ಒಳಸೆಟ್ಟಿಂಗಿನಲ್ಲಿ ಒಂದು ಸಾಲನ್ನು ಬದಲಿಸಿದರೆ, ದೂರದ ಯಂತ್ರ ಕನ್ನಡ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಫೋನಿಗೆ ಅಕ್ಷರ ಬಾರದು, ಚಿತ್ರ ಮಾತ್ರ ಬಂತು. ಓದುವ ನಮಗೆ ಅಷ್ಟೇ ಸಾಕಾಗಿತ್ತು. ಕಾಸರಗೋಡಿನವರು ಬೆಂಗಳೂರಿನ ಪತ್ರಿಕೆಯನ್ನು ಬಸ್ಸಿಗೆ ಕಾಯದೆ ಓದಿದ್ದು ಹೀಗೆ.

ಇಲ್ಲಿ ತೆರೆದ ಪದ್ಧತಿಯ ಗುಣ ಕೆಲಸಕ್ಕೆ ಬಂತು. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶವನ್ನು ಇರಾನ್ ಮೂಲದ ಬೆಹ್ದಾದ್ ಎಸ್ಫಹಬೋದ್ ಎಂಬವರ ಮುಂದಾಳ್ತನದಲ್ಲಿ ಹಲವರು ಸೇರಿ ಬೆಳೆಸುತ್ತಿದ್ದರು. ಹೆಸರು ಪಾರಸಿಯದು. ನಮ್ಮ ಸೊಲ್ಲಾಪುರ, ಕಲಬುರಗಿ ಕಡೆಯ ಉರ್ದು ಬಲ್ಲವರಿಗೆ ‘ಹರ್ಫ್’ ಎಂದರೆ ಅಕ್ಷರ ಎಂಬುದು ಗೊತ್ತು, ‘ಬಾಜ್’ ಎಂದರೆ ತೆರೆದ. ಇದೇ ತಂತ್ರಾಂಶ ಕಂಪ್ಯೂಟರಿನ ಫೈರ್‌ಫಾಕ್ಸಿಗೂ ಬೇಕು, ಲಿನಕ್ಸಿಗೂ ಬೇಕು, ಆಂಡ್ರಾಯ್ಡಿಗೂ ಬೇಕು. ಒಬ್ಬರು ಕನ್ನಡದ ಒತ್ತಿನ ದೋಷವೊಂದನ್ನು ತೋರಿಸಿಕೊಟ್ಟು ತಿದ್ದಿಸಿದರೆ ಎಲ್ಲ ಕಡೆಯೂ ತಿದ್ದಿದಂತೆ. ಅಕ್ಷರಶೈಲಿಗಳೂ ಹಾಗೆಯೇ ಉಚಿತವಾಗಿ ಹಂಚಿಕೆಯಾದವು. 2012ರಲ್ಲಿ ಆರಂಭವಾದ ‘ಜೆಲ್ಲಿ ಬೀನ್’ ಆವೃತ್ತಿಗಳ ಹೊತ್ತಿಗೆ ಚೌಕಗಳು ಮಾಯವಾಗಿ ಅಕ್ಷರಗಳು ಕಂಡವು. 2014ರ ನವೆಂಬರಿನಲ್ಲಿ ಬಂದ ಆಂಡ್ರಾಯ್ಡಿನ ಐದನೆಯ ಆವೃತ್ತಿಯಲ್ಲಿ ಫೋನಿನ ಪಟ್ಟಿಗಳೂ ಸೂಚನೆಗಳೂ ಕನ್ನಡದಲ್ಲೇ ಸಿಗುವಂತಾದವು. ಕೀಲಿಮಣೆಯ ಮಾತಂತೂ ಇನ್ನೂ ಹಿಂದಿನದು. 2009ರ ಏಪ್ರಿಲ್‌ನಿಂದಲೇ ಆಂಡ್ರಾಯ್ಡಿಗೆ ಯಾರು ಬೇಕಾದರೂ ಕೀಲಿಮಣೆ ಬರೆದು ಕೊಡಬಹುದಿತ್ತು. ಹಾಗಾಗಿ ಕನ್ನಡದ ಉತ್ಸಾಹಿಗಳು ಕೆ.ಪಿ. ರಾವ್ ಅವರ ಕೀಲಿವಿನ್ಯಾಸವನ್ನೂ ಫೋನಿಗೆ ತಂದರು. ಯಾವ ಕಂಪನಿಯ ಅಪ್ಪಣೆಗೂ ಕಾಯಬೇಕಾಗಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಓದುವ ವಿಷಯದಲ್ಲಿ ಐಫೋನು ಹಿಂದೆ ಬಿದ್ದಿರಲಿಲ್ಲ. ಅದರ ಪರದೆಯ ಮೇಲೆ ಕನ್ನಡ ಅಂದವಾಗಿಯೇ ಕಾಣುತ್ತಿತ್ತು. ಆದರೆ ಬರೆಯಲು ಹೊರಗಿನವರ ಕೀಲಿಮಣೆಗೆ ಆಪಲ್ ಬಾಗಿಲು ತೆರೆದದ್ದು 2014ರ ಸೆಪ್ಟೆಂಬರಿನಲ್ಲಿ. ಐಫೋನಿನ ಪಟ್ಟಿಗಳು ಕನ್ನಡದಲ್ಲಿ ಬಂದದ್ದು ಯಾವಾಗ ಬಲ್ಲಿರಾ? 2025ರ ಮಾರ್ಚ್ 31ರಂದು, ಐಓಎಸ್ 18.4ರಲ್ಲಿ. ತಮಿಳು, ತೆಲುಗು, ಮಲಯಾಳ, ಮರಾಠಿಗಳೂ ಅದೇ ದಿನ ಬಂದವು, ಆದ್ದರಿಂದ ನೆರೆಯವರ ಮೇಲೆ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನುಗಳ ಜೋಡಣೆ ಆರಂಭವಾದದ್ದು 2020ರಲ್ಲಿ. ಅದರ ಹೊರಕವಚಗಳು ನಮ್ಮ ಹೊಸೂರಿನ ಬಳಿಯ ಟಾಟಾ ಕಾರಖಾನೆಯಲ್ಲಿ ತಯಾರಾಗುತ್ತವೆ. ಕನ್ನಡ ನೆಲದಲ್ಲಿ, ಕನ್ನಡ ಆಡುವ ಕೈಗಳಲ್ಲಿ ಹುಟ್ಟುತ್ತಿದ್ದ ಯಂತ್ರಕ್ಕೆ ಕನ್ನಡ ಕಲಿಸಲು ಅಮೆರಿಕದ ಒಂದು ಕಚೇರಿಯ ಸಹಿ ಬೇಕಾಗಿತ್ತು. ಆಂಡ್ರಾಯ್ಡಿಗೂ ಐಫೋನಿಗೂ ನಡುವೆ ಹತ್ತು ವರ್ಷ ನಾಲ್ಕು ತಿಂಗಳ ಅಂತರ. ಮುಚ್ಚಿದ ಪದ್ಧತಿಯಲ್ಲಿ ಭಾಷೆಗೆ ಜಾಗ ಸಿಗುವುದು ಅದರ ಮಾರುಕಟ್ಟೆ ಬಲಿತ ಮೇಲೆ. ಆರೂವರೆ ಕೋಟಿ ಜನರ ರಾಜ್ಯದ ಭಾಷೆಗೇ ಹೀಗಾದರೆ, ತಾಳವಾಡಿ, ಮಡಕಶಿರಾ, ಜತ್ತ ತಾಲೂಕುಗಳ ಕನ್ನಡಿಗರನ್ನು ಮಾರುಕಟ್ಟೆ ಎಂದು ಎಣಿಸುವವರು ಯಾರು?

ಇನ್ನೊಂದು ಉದಾಹರಣೆ. ಮುಂಬಯಿಯ ಐಐಟಿಯಲ್ಲಿ ಓದಿದ ಕೆಲವು ಯುವಕರು ಆಂಡ್ರಾಯ್ಡಿನ ಸೋರ್ಸ್ ಕೋಡನ್ನು ತೆಗೆದುಕೊಂಡು ಭಾರತೀಯ ಭಾಷೆಗಳಿಗೆಂದೇ ಇಂಡಸ್ ಓಎಸ್ ಎಂಬುದನ್ನು ಸಿದ್ಧಪಡಿಸಿದರು. 2015ರಲ್ಲಿ ಅದು ಮೈಕ್ರೋಮ್ಯಾಕ್ಸ್ ಫೋನುಗಳಲ್ಲಿ ಬಂತು. ಅಳತೆಯ ಚೀಟಿ ಕೈಯಲ್ಲಿಲ್ಲದಿದ್ದರೆ ಇಂಥ ಪ್ರಯತ್ನ ಕನಸಿನಲ್ಲೂ ಸಾಧ್ಯವಿರಲಿಲ್ಲ. ಆ ಫೋನುಗಳು ಚೀನಾದ ಅಗ್ಗದ ಫೋನುಗಳ ಮುಂದೆ ಹೆಚ್ಚು ಕಾಲ ನಿಲ್ಲಲಿಲ್ಲ ಎಂಬುದು ಬೇರೆ ಮಾತು.

ಈಗ ಊರಬಾಗಿಲಿನ ಚೀಟಿಗೆ ಬರೋಣ. ಅದರಲ್ಲಿ ಎಲ್ಲವನ್ನೂ ಬರೆದಿಲ್ಲ, ಓದುಗರೇ.

ತೆರೆದಿರುವುದು ಆಂಡ್ರಾಯ್ಡಿನ ಒಡಲು ಮಾತ್ರ. ಆ್ಯಪ್‌ಗಳ ಅಂಗಡಿಯಾದ ಪ್ಲೇ ಸ್ಟೋರ್, ನಕ್ಷೆ, ಯೂಟ್ಯೂಬ್, ಜಿಮೇಲ್, ಇವುಗಳಿಗೆಲ್ಲ ಹಿಂದಿನಿಂದ ನೀರು ಹಾಯಿಸುವ ಪ್ಲೇ ಸರ್ವೀಸಸ್, ಇವೆಲ್ಲ ಗೂಗಲ್‌ನ ಸ್ವಂತ ಸೊತ್ತು. ಇವುಗಳ ಸೋರ್ಸ್ ಕೋಡ್ ಆಪಲ್‌ನದಷ್ಟೇ ಗುಟ್ಟು. ಫೋನು ತಯಾರಿಸುವವನು ಇವನ್ನು ಹಾಕಬೇಕೆಂದರೆ ಗೂಗಲ್ ಜೊತೆ ಕರಾರು ಬರೆಯಬೇಕು. ಪ್ಲೇ ಸ್ಟೋರ್ ಬೇಕೆಂದರೆ ಉಳಿದ ಆ್ಯಪ್‌ಗಳ ಗಂಟನ್ನೂ ಹೊರಬೇಕು, ಹುಡುಕುವ ಪೆಟ್ಟಿಗೆಯನ್ನು ಮುಖಪುಟದಲ್ಲೇ ಇಡಬೇಕು, ಆಂಡ್ರಾಯ್ಡನ್ನು ತನಗೆ ಬೇಕಾದಂತೆ ಬದಲಿಸಿದ ಬೇರೆ ಫೋನನ್ನು ಮಾಡಕೂಡದು. ಅನೇಕ ವರ್ಷ ಕರಾರು ಹೀಗೇ ನಡೆಯಿತು. 2012ರ ಸೆಪ್ಟೆಂಬರಿನಲ್ಲಿ ತೈವಾನಿನ ಏಸರ್ ಕಂಪನಿ ಚೀನಾದ ಅಲಿಬಾಬಾ ತಯಾರಿಸಿದ ಅಲಿಯುನ್ ಓಎಸ್ ಹಾಕಿದ ಫೋನನ್ನು ಬಿಡುಗಡೆ ಮಾಡಲು ಸಮಾರಂಭ ಏರ್ಪಡಿಸಿ, ಕೊನೆಯ ಗಳಿಗೆಯಲ್ಲಿ ರದ್ದು ಮಾಡಿತು. ಗೂಗಲ್ ಕಣ್ಣು ಕೆಂಪಗೆ ಮಾಡಿದ್ದೇ ಕಾರಣ.

ಇದರ ಪರಿಣಾಮ ಎಷ್ಟು ದೊಡ್ಡದೆಂದು ಪೂರ್ತಿ ತಿಳಿದದ್ದು 2019ರ ಮೇ ತಿಂಗಳಲ್ಲಿ. ಅಮೆರಿಕ ಸರ್ಕಾರ ಚೀನಾದ ಹುವಾವೆ ಕಂಪನಿಯ ಮೇಲೆ ವ್ಯಾಪಾರ ನಿರ್ಬಂಧ ಹೇರಿತು. ಆಂಡ್ರಾಯ್ಡಿನ ತೆರೆದ ಭಾಗವನ್ನು ಹುವಾವೆಯಿಂದ ಯಾರೂ ಕಿತ್ತುಕೊಳ್ಳಲಾಗಲಿಲ್ಲ, ಅದು ಎಲ್ಲರ ಸೊತ್ತು. ಆದರೆ ಹೊಸ ಫೋನುಗಳಿಗೆ ಪ್ಲೇ ಸ್ಟೋರೂ ಇಲ್ಲ, ಗೂಗಲ್ ನಕ್ಷೆಯೂ ಇಲ್ಲ. ಯುರೋಪಿನ ಗಿರಾಕಿಗಳು ಬೆನ್ನು ತಿರುಗಿಸಿದರು. ಮನೆಯ ಗೋಡೆ, ಸೂರು ಎಲ್ಲ ಇದ್ದವು, ನೀರಿನ ನಲ್ಲಿ ಮತ್ತು ಕರೆಂಟು ಮಾತ್ರ ಇರಲಿಲ್ಲ. ಹುವಾವೆ ಅದೇ ಆಗಸ್ಟಿನಲ್ಲಿ ಹಾರ್ಮನಿ ಎಂಬ ಸ್ವಂತ ವ್ಯವಸ್ಥೆಯನ್ನು ಪ್ರಕಟಿಸಿತು, 2024ರಲ್ಲಿ ಆಂಡ್ರಾಯ್ಡಿನ ಸೋಂಕೇ ಇಲ್ಲದ ಆವೃತ್ತಿಯನ್ನು ಹೊರತಂದಿತು. ಅಷ್ಟು ದೊಡ್ಡ ದೇಶದ ಅಷ್ಟು ದೊಡ್ಡ ಕಂಪನಿಯಾದ್ದರಿಂದ ಅದು ಉಳಿದುಕೊಂಡಿತು.

ಸರ್ಕಾರಗಳೂ ಸುಮ್ಮನೆ ಕೂರಲಿಲ್ಲ. ಯುರೋಪಿಯನ್ ಒಕ್ಕೂಟ 2018ರ ಜುಲೈನಲ್ಲಿ ಗೂಗಲ್‌ಗೆ 434 ಕೋಟಿ ಯೂರೋ ದಂಡ ಹಾಕಿತು. ನಮ್ಮ ದೇಶದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು 1,337.76 ಕೋಟಿ ರೂಪಾಯಿ ದಂಡ ವಿಧಿಸಿ, ಗಂಟು ಹೊರಿಸುವ ಪದ್ಧತಿ ಬಿಡಬೇಕೆಂದು ಆಜ್ಞೆ ಮಾಡಿತು. ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ತಡೆ ಕೊಡಲು ನಿರಾಕರಿಸಿತು. ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಆಯೋಗದ ಕೆಲವು ನಿರ್ದೇಶನಗಳನ್ನು ಮಾತ್ರ ಕೈಬಿಟ್ಟಿತು. ಭಾರತದಲ್ಲಿ ತಯಾರಕರು ಬೇಕಾದ ಗೂಗಲ್ ಆ್ಯಪನ್ನು ಬಿಡಿಬಿಡಿಯಾಗಿ ಪಡೆಯಬಹುದು ಎಂದು ಗೂಗಲ್ ಒಪ್ಪಿತು. ಬೆಂಗಳೂರಿನ ಫೋನ್‌ಪೇ ಸಂಸ್ಥೆ, ಮೇಲೆ ಹೇಳಿದ ಇಂಡಸ್‌ನವರ ಕಂಪನಿಯನ್ನು ಕೊಂಡುಕೊಂಡು, 2024ರ ಫೆಬ್ರವರಿಯಲ್ಲಿ ಇಂಡಸ್ ಆಪ್‌ಸ್ಟೋರ್ ಎಂಬ ಅಂಗಡಿಯನ್ನು 12 ಭಾರತೀಯ ಭಾಷೆಗಳಲ್ಲಿ ತೆರೆಯಿತು. ಐಫೋನಿನಲ್ಲಿ ಅಂಥ ಅಂಗಡಿ ಇಡಲು ಜಾಗವೇ ಇರಲಿಲ್ಲ ಎಂಬುದನ್ನು ಗಮನಿಸಿ.

ಹಾಗಾದರೆ ಮುಚ್ಚಿದ ಪದ್ಧತಿಗೆ ಗುಣವೇ ಇಲ್ಲವೇ? ಇದೆ. ಬ್ಯಾಂಕಿನ ಕೌಂಟರಿನಲ್ಲಿ ಹಲವು ವರ್ಷ ಕೂತವನಿಗೆ ಅದನ್ನು ಅಲ್ಲಗಳೆಯಲಾಗದು. ಬ್ಯಾಂಕಿನ ಲಾಕರಿಗೆ ಎರಡು ಕೀಲಿಕೈ ಇರುವುದು ನಿಮಗೆ ಗೊತ್ತಿದೆ. ಒಂದು ಗಿರಾಕಿಯದು, ಒಂದು ಬ್ಯಾಂಕಿನದು. ಎರಡೂ ಸೇರದೆ ಲಾಕರ್ ತೆರೆಯದು. ಒಡವೆ ನನ್ನದಾದರೂ ನಾನೊಬ್ಬನೇ ತೆಗೆಯಲಾರೆನಲ್ಲ ಎಂದು ಜಗಳಾಡಿದ ಗಿರಾಕಿಗಳನ್ನು ಕಂಡಿದ್ದೇನೆ. ಅವರ ಕೀಲಿಕೈಯನ್ನು ಬೇರೆ ಯಾರೋ ಕದ್ದು ತಂದ ದಿನ ಆ ಎರಡನೆಯ ಕೀಲಿಯ ಬೆಲೆ ತಿಳಿಯುತ್ತದೆ. ಐಫೋನು ಎರಡು ಕೀಲಿಯ ಲಾಕರ್. ಆಂಡ್ರಾಯ್ಡಿನಲ್ಲಿ ನೀವು ಮನಸ್ಸು ಮಾಡಿದರೆ, ‘ಗೊತ್ತಿಲ್ಲದ ಮೂಲ’ ಎಂಬ ಎಚ್ಚರಿಕೆಯನ್ನು ದಾಟಿ, ಎಲ್ಲಿಂದಲೋ ಬಂದ ಎಪಿಕೆ ಕಡತವನ್ನು ಹಾಕಿಕೊಳ್ಳಬಹುದು. ಮೋಸಗಾರರು ಹಿಡಿದ ದಾರಿ ಇದೇ. 2024ರಲ್ಲಿ ವಾಟ್ಸಾಪಿನಲ್ಲಿ ಮದುವೆಯ ಕರೆಯೋಲೆ ಎಂದು ಬಂದ ಕಡತಗಳ ಬಗ್ಗೆ ಪೊಲೀಸರು ಎಚ್ಚರಿಕೆ ಕೊಟ್ಟರು. ಕಿಸಾನ್ ಯೋಜನೆಯ ಹೆಸರಿನಲ್ಲಿ, ವಾಹನದ ದಂಡದ ಚಲನ್ ಹೆಸರಿನಲ್ಲಿ, ಬ್ಯಾಂಕಿನ ಕೆವೈಸಿ ಹೆಸರಿನಲ್ಲಿ ಇಂಥವು ಹರಿದಾಡಿವೆ. ಒತ್ತಿದರೆ ಕರೆಯೋಲೆ ಕಾಣದು, ಆದರೆ ನಿಮ್ಮ ಓಟಿಪಿ ಸಂದೇಶಗಳು ಇನ್ನಾರಿಗೋ ಕಾಣತೊಡಗುತ್ತವೆ. ಪಿಂಚಣಿ ಜಮೆಯಾಗುವ ಫೋನು ಇಟ್ಟುಕೊಂಡ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ: ಕರೆಯೋಲೆ ಎಂದಿಗೂ ಎಪಿಕೆಯಾಗಿ ಬರುವುದಿಲ್ಲ, ಬಂದದ್ದನ್ನು ಒತ್ತಬೇಡಿ, ಕರೆದವರಿಗೆ ಫೋನು ಮಾಡಿ ಕೇಳಿ.

ಮತ್ತೊಂದು ವಿಷಯ ದುರಸ್ತಿಯದು. 2013ರಲ್ಲಿ ಬಂದ ಐಫೋನ್ 5ಎಸ್‌ಗೆ ಆಪಲ್ 2023ರ ಜನವರಿಯಲ್ಲೂ ಭದ್ರತೆಯ ತಿದ್ದುಪಡಿ ಕಳಿಸಿತು. ಯಂತ್ರವೂ ತನ್ನದು, ತಂತ್ರಾಂಶವೂ ತನ್ನದಾದ್ದರಿಂದ ಅದಕ್ಕೆ ಸುಲಭ. ಆಂಡ್ರಾಯ್ಡಿನಲ್ಲಿ ತಿದ್ದುಪಡಿ ಗೂಗಲ್‌ನಿಂದ ಚಿಪ್ ಮಾಡುವವನಿಗೆ, ಅವನಿಂದ ಫೋನು ಮಾಡುವವನಿಗೆ, ಅಲ್ಲಿಂದ ನಿಮಗೆ ಬರಬೇಕು. ತಾಲೂಕು ಕಚೇರಿಯ ಕಡತದಂತೆ ನಡುವೆ ಎಲ್ಲೋ ಕೂತುಬಿಡುತ್ತದೆ. ಅಗ್ಗದ ಫೋನುಗಳಿಗೆ ಎರಡು ವರ್ಷದ ಬಳಿಕ ತಿದ್ದುಪಡಿಯೇ ಬಾರದೆ ಹೋದ ಉದಾಹರಣೆಗಳು ಎಷ್ಟೋ. ಹೀಗೆ ಕಂಪನಿ ಕೈಬಿಟ್ಟ ಫೋನುಗಳಿಗೆ ಲೀನಿಯೇಜ್ ಓಎಸ್ ಎಂಬ ಸ್ವಯಂಸೇವಕರ ಬಳಗ ತೆರೆದ ಕೋಡಿನಿಂದ ಹೊಸ ಆವೃತ್ತಿ ಕಟ್ಟಿಕೊಡುತ್ತದೆ. ಪುಣ್ಯದ ಕೆಲಸ. ಆದರೆ ಹಾಗೆ ಬದಲಿಸಿದ ಫೋನಿನಲ್ಲಿ ಹಲವು ಬ್ಯಾಂಕುಗಳ ಆ್ಯಪ್ ಕೆಲಸ ಮಾಡಲು ಒಪ್ಪುವುದಿಲ್ಲ. ಫೋನನ್ನು ಪರೀಕ್ಷಿಸಿ ‘ಸಾಚಾ’ ಎಂದು ಪ್ರಮಾಣಪತ್ರ ಕೊಡುವವನು ಮತ್ತೆ ಗೂಗಲೇ.

ತೆರೆದ ಕೋಡು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂದು ಹೇಳಲಾಗದು. ಮೊಜಿಲ್ಲಾ ಸಂಸ್ಥೆ ಆಂಡ್ರಾಯ್ಡಿಗಿಂತಲೂ ತೆರೆದದ್ದು ಎಂದು ಹೇಳಿ ಫೈರ್‌ಫಾಕ್ಸ್ ಓಎಸ್ ತಂದಿತು. 2014ರ ಆಗಸ್ಟಿನಲ್ಲಿ ಇಂಟೆಕ್ಸ್ ಕಂಪನಿ 1,999 ರೂಪಾಯಿಗೆ ಅದರ ಫೋನನ್ನು ನಮ್ಮ ದೇಶದಲ್ಲಿ ಮಾರಿತು. ವಾಟ್ಸಾಪ್ ಇಲ್ಲದ ಫೋನು ಯಾರಿಗೆ ಬೇಕು? 2016ರ ಹೊತ್ತಿಗೆ ಮೊಜಿಲ್ಲಾ ಕೈತೊಳೆದುಕೊಂಡಿತು. ಆದರೆ ಅದು ಬಿಟ್ಟುಹೋದ ಕೋಡಿನಿಂದ ಕಾಯ್ ಓಎಸ್ ಹುಟ್ಟಿ, 2017ರಲ್ಲಿ 1,500 ರೂಪಾಯಿ ಠೇವಣಿಗೆ ಸಿಗುತ್ತಿದ್ದ ಜಿಯೋಫೋನಿನ ಒಳಗೆ ಸೇರಿ ಹಳ್ಳಿಹಳ್ಳಿಗೆ ಹೋಯಿತು. ಆ ಫೋನಿನಲ್ಲಿ ಜಿಯೋ ಸಿಮ್ ಬಿಟ್ಟು ಬೇರೆಯದು ನಡೆಯುತ್ತಿರಲಿಲ್ಲ. ಲೋಕಕ್ಕೆಲ್ಲ ತೆರೆದಿಡಬೇಕೆಂದು ಬರೆದ ಕೋಡು ಕಡೆಗೆ ಒಂದೇ ಸಿಮ್ಮಿನ ಪೆಟ್ಟಿಗೆಯಲ್ಲಿ ಜೀವ ಉಳಿಸಿಕೊಂಡಿತು.

ಈಚಿನ ಬೆಳವಣಿಗೆ ಇನ್ನೂ ಸೋಜಿಗದ್ದು. ಯುರೋಪಿನ ಹೊಸ ಕಾನೂನಿಗೆ ಮಣಿದು 2024ರ ಮಾರ್ಚ್‌ನಲ್ಲಿ ಆಪಲ್ ಅಲ್ಲಿಯ ಐಫೋನುಗಳಲ್ಲಿ ಹೊರಗಿನ ಅಂಗಡಿಗಳಿಗೆ ದಾರಿ ಬಿಟ್ಟಿತು. ಅತ್ತ ಗೂಗಲ್ 2025ರ ಮಾರ್ಚ್‌ನಲ್ಲಿ, ಆಂಡ್ರಾಯ್ಡಿನ ಹೊಸ ಆವೃತ್ತಿಗಳನ್ನು ಕಟ್ಟುವ ಕೆಲಸವನ್ನೆಲ್ಲ ಇನ್ನು ಒಳಗೇ ಮಾಡಿ, ಮುಗಿದ ಮೇಲೆ ಕೋಡು ಹೊರಗಿಡುವುದಾಗಿ ತಿಳಿಸಿತು. ಅದೇ ಆಗಸ್ಟಿನಲ್ಲಿ, ಪ್ಲೇ ಸ್ಟೋರಿನ ಹೊರಗಿನಿಂದ ಹಾಕುವ ಆ್ಯಪ್‌ಗಳ ಕರ್ತೃಗಳೂ ತಮ್ಮ ಗುರುತನ್ನು ಗೂಗಲ್‌ಗೆ ಕೊಡಬೇಕು, 2026ರ ಸೆಪ್ಟೆಂಬರಿನಿಂದ ನಾಲ್ಕು ದೇಶಗಳಲ್ಲಿ, ಆಮೇಲೆ ಲೋಕದಲ್ಲೆಲ್ಲ ಈ ನಿಯಮ ಎಂದು ಪ್ರಕಟಿಸಿತು. ಕಳ್ಳ ಎಪಿಕೆಗಳ ಕಾಟವೇ ಅದು ಕೊಟ್ಟ ಕಾರಣ. ಬಲ್ಲವರು ಗಲಾಟೆ ಮಾಡಿದ ಮೇಲೆ ನವೆಂಬರಿನಲ್ಲಿ, ಅಪಾಯ ತಿಳಿದು ಹಾಕಿಕೊಳ್ಳುವ ಅನುಭವಸ್ಥರಿಗೆ ಬೇರೆ ದಾರಿ ಇಡುವುದಾಗಿ ಹೇಳಿತು. ಕಳ್ಳರನ್ನು ತಡೆಯಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹದಿನೈದು ವರ್ಷದ ಹಿಂದೆ ಬಿಡುವಿನ ವೇಳೆಯಲ್ಲಿ ಕನ್ನಡದ ಕೀಲಿಮಣೆ ಬರೆದು ಹಂಚಿದ ಹುಡುಗ ಇಂದು ಅದೇ ಕೆಲಸಕ್ಕೆ ಹೊರಟರೆ ಎಷ್ಟು ಅರ್ಜಿ ತುಂಬಬೇಕು ಎಂಬುದನ್ನೂ ಕೇಳಬೇಕಾಗುತ್ತದೆ.

ಕೇಳಲು ಕಾರಣವಿದೆ. 2024ರ ಸೆಪ್ಟೆಂಬರಿನಲ್ಲಿ ಹೊರಬಂದ ಯುನಿಕೋಡಿನ ಹದಿನಾರನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಅಂಕೆಗಳು ಸಿಕ್ಕಿವೆ. ಕಾಸರಗೋಡಿನ ಹಳೆಯ ಮನೆಗಳ ಅಟ್ಟದಲ್ಲಿ ಈ ಲಿಪಿಯ ತಾಳೆಗರಿಯ ಕಟ್ಟುಗಳು ಇನ್ನೂ ಇವೆ. ಕನ್ನಡಕ್ಕೆ ಅಂಕೆ ಸಿಕ್ಕಿದ ಮೇಲೆ ಆಂಡ್ರಾಯ್ಡ್ ಫೋನಿನಲ್ಲಿ ಅಕ್ಷರ ಮೂಡಲು ಇಪ್ಪತ್ತೊಂದು ವರ್ಷ ಹಿಡಿಯಿತು. ತಿಗಳಾರಿಯ ಒತ್ತುಗಳೂ ಕನ್ನಡದಂತೆಯೇ ಜೋಡಿಸಿ ಕೂರಿಸಬೇಕಾದವು. ಅಕ್ಷರಶೈಲಿ ಬರೆಯಬೇಕು, ಕೀಲಿಮಣೆ ಮಾಡಬೇಕು, ಹಾರ್ಫ್‌ಬಜ್‌ನಂಥ ತಂತ್ರಾಂಶಗಳಲ್ಲಿ ತಪ್ಪು ಕಂಡರೆ ತಿದ್ದಿಸಬೇಕು. ನಿಮ್ಮ ಮನೆಯ ಕಾಲೇಜು ಹುಡುಗರಲ್ಲಿ ಯಾರಿಗಾದರೂ ಇದರಲ್ಲಿ ಆಸಕ್ತಿಯಿದ್ದರೆ, ಅಟ್ಟದಿಂದ ಒಂದು ಕಟ್ಟನ್ನು ಇಳಿಸಿ ಅವರಿಗೆ ತೋರಿಸಿ.